ಕಾಶವ್ವನ ಚುಕ್ಕಿ

ಗ್ರಾಫಿನ ಒಂದೊಂದು ಚುಕ್ಕಿಯ ಹಿಂದೆಯೂ ಒಂದು ಮನೆ, ಒಂದು ಒಲೆ, ಹೆಸರು ಹಿಡಿದು ಕರೆಯುವ ನಾಲ್ಕು ಜನ ಇರುತ್ತಾರೆ ಎಂಬುದು ಯಂತ್ರ ಮಾಡಿದ ನಮಗೇ ಹೊಳೆದಿರಲಿಲ್ಲ. ಹಳೆಯ ಪ್ರಬಂಧಗಳಿಂದ ಅಂಕಿ ತೆಗೆಯಲೆಂದು ನಾವು ಯಂತ್ರ ಮಾಡಿದೆವು. ಜನ ತಮ್ಮ ತಾಯಿತಂದೆಯರನ್ನು ಹುಡುಕಿಕೊಂಡು ಬಂದರು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಳೆದ ಶತಮಾನದ ವೈದ್ಯಕೀಯ ಸಂಶೋಧನೆಗಳಲ್ಲಿ ಮೂಲ ಅಂಕಿಗಳು ಉಳಿದಿರುವುದು ಅಪರೂಪ. ಕಾಗದವನ್ನು ಗೆದ್ದಲು ತಿಂದಿತು, ಫ್ಲಾಪಿಗೆ ಬೂಸು ಹಿಡಿಯಿತು, ಪ್ರೊಫೆಸರರು ನಿವೃತ್ತರಾದ ಮರುದಿನವೇ ಅವರ ಕಪಾಟು ರದ್ದಿ ಅಂಗಡಿ ಸೇರಿತು. ಉಳಿದದ್ದು ಅಚ್ಚಾದ ಪ್ರಬಂಧ ಮತ್ತು ಅದರೊಳಗಿನ ಗ್ರಾಫು. ಧಾರವಾಡದ ನಮ್ಮ ಕೇಂದ್ರದ ಯಂತ್ರ ಆ ಗ್ರಾಫಿನ ಚಿತ್ರ ನೋಡಿ, ಅಡ್ಡಗೆರೆ ಮತ್ತು ನಿಲುವುಗೆರೆಯ ಮೇಲಿನ ಅಳತೆಯನ್ನು ಓದಿ, ಒಂದೊಂದು ಚುಕ್ಕಿ ಎಲ್ಲಿ ಕೂತಿದೆಯೆಂದು ಅಳೆದು, ಅದನ್ನು ಮತ್ತೆ ಅಂಕಿಯಾಗಿ ಮಾಡಿಕೊಡುತ್ತದೆ. ಅಷ್ಟೇ ಆಗಿದ್ದರೆ ನಮ್ಮ ಪಾಡಿಗೆ ನಾವಿರುತ್ತಿದ್ದೆವು. ಆದರೆ ಒಂದೇ ಪ್ರಬಂಧದಲ್ಲಿ ವಯಸ್ಸಿಗೂ ರಕ್ತಕ್ಕೂ ಒಂದು ಗ್ರಾಫು, ದುಡಿದ ವರ್ಷಗಳಿಗೂ ರಕ್ತಕ್ಕೂ ಇನ್ನೊಂದು ಗ್ರಾಫು ಇದ್ದರೆ, ಯಂತ್ರ ಎರಡರಲ್ಲೂ ಒಂದೇ ಎತ್ತರದಲ್ಲಿರುವ ಚುಕ್ಕಿಗಳನ್ನು ಹೊಂದಿಸಿ, ಇವೆರಡೂ ಒಬ್ಬರೇ ಎಂದು ಹೆಣೆಯುತ್ತದೆ. ಹೆಸರೊಂದು ಬಿಟ್ಟು ಉಳಿದೆಲ್ಲ ಸೇರಿ ಒಬ್ಬ ಜೀವಂತ ವ್ಯಕ್ತಿ ಕಾಗದದಿಂದ ಎದ್ದು ಕೂಡುತ್ತಾರೆ.

ಇದು ಸಾಧ್ಯವೆಂದು ಗೊತ್ತಾದ ಮೇಲೆ ಕಾಯ್ದೆಯೂ ಬಂತು. ಸಂಶೋಧನೆಗೆ ರಕ್ತ ಕೊಟ್ಟವರು, ಅವರಿಲ್ಲದಿದ್ದರೆ ಅವರ ಮಕ್ಕಳು, ತಮ್ಮ ಚುಕ್ಕಿಯನ್ನು ಕೇಳಿ ಪಡೆಯಬಹುದು. ಆಸ್ಪತ್ರೆಗಳು ಅದನ್ನು ಮನೆತನದ ಆರೋಗ್ಯದ ಪುರಾವೆ ಎಂದು ಒಪ್ಪತೊಡಗಿದವು. ನಮ್ಮ ಗೇಟಿನ ಮುಂದೆ ಚಹಾದಂಗಡಿ ಹುಟ್ಟಿಕೊಂಡಿತು. ಬೆಳಗಾವಿ ಕಡೆಯ ಒಬ್ಬ ಯಜಮಾನರು ತಮ್ಮ ಚುಕ್ಕಿ ಉಳಿದವುಗಳಿಂದ ದೂರ ಒಂದು ಮೂಲೆಯಲ್ಲಿ ಇರುವುದನ್ನು ಕಂಡು, "ನಾ ಯಾವತ್ತೂ ಯಾರ ಸಾಲಿನ್ಯಾಗೂ ನಿಂತಾಂವಲ್ಲ ಬಿಡ್ರಿ" ಎಂದು ಮೀಸೆ ತಿರುವಿಕೊಂಡು ಹೋದರು. ನನಗೂ ನನ್ನ ಸಹೋದ್ಯೋಗಿ ಫಯಾಜ್ ಮುಲ್ಲಾಗೂ ನಗು ತಡೆಯಲಾಗಲಿಲ್ಲ.

ದಾಕ್ಷಾಯಣಿ ಬಂದ ದಿನ ಮಾತ್ರ ನಗುವಂಥದ್ದೇನೂ ಇರಲಿಲ್ಲ. ನಲವತ್ತು ದಾಟಿದ ಹೆಣ್ಣುಮಗಳು. ಸೆರಗಿಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಮಗ್ಗದಿಂದ ಎದ್ದವಳೇ ಬಸ್ಸು ಹತ್ತಿದ್ದಳೆಂದು ಕಾಣುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು, "ನಮ್ಮವ್ವನ ಚುಕ್ಕಿ ಬೇಕಾಗಿತ್ರಿ" ಎಂದಳು.

"ಆರಾಮ ಕೂಡ್ರಿ. ಯಾವೂರು ನಿಮ್ದು?"

"ರಬಕವಿರಿ, ಬಣ್ಣಗಾರರ ಓಣಿ. ನಾವು ಸಣ್ಣವರಿದ್ದಾಗ ಡಾಕ್ಟರ್ ಮಂದಿ ಬಂದು, ನೂಲಿಗೆ ಬಣ್ಣ ಹಾಕೋ ಹೆಣ್ಣಮಕ್ಕಳದೆಲ್ಲಾ ರಗತ ತಗೊಂಡು ಹೋಗಿದ್ರಂತ. ಕೊಟ್ಟವರಿಗೆಲ್ಲಾ ಒಂದೊಂದು ಸ್ಟೀಲಿನ ಕೊಡ ಕೊಟ್ಟಿದ್ರಂತ. ನಮ್ಮವ್ವನ ಕೊಡ ಇನ್ನಾ ಮನ್ಯಾಗ ಐತ್ರಿ."

ಅವಳ ತಮ್ಮ ಮಹಾಂತೇಶನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಡಯಾಲಿಸಿಸ್ ಮೇಲೆ ಬದುಕು ನಡೆದಿತ್ತು. ಅಕ್ಕನ ಕಿಡ್ನಿ ಅವನಿಗೆ ಹೊಂದುತ್ತಿತ್ತು, ಅವಳ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ಆಸ್ಪತ್ರೆಯ ಸಮಿತಿ ತಡೆದಿತ್ತು. ಕೆಲವು ಮನೆತನಗಳಲ್ಲಿ ತಾಯಿಯಿಂದ ಮಕ್ಕಳಿಗೆ ಇಳಿಯುವ ಒಂದು ಕಿಡ್ನಿ ರೋಗವಿದೆ. ಒಬ್ಬರಲ್ಲಿ ಬೇಗ ಕಾಣುತ್ತದೆ, ಇನ್ನೊಬ್ಬರಲ್ಲಿ ಐವತ್ತು ದಾಟುವ ತನಕ ಸುಳಿವೇ ಕೊಡುವುದಿಲ್ಲ. ಅದರ ಜೀನ್ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ತಾಯಿ ಕಾಶವ್ವ ಮಹಾಂತೇಶನಿಗೆ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದಳು. ಯಾವ ರೋಗವೆಂದು ಯಾರೂ ಹೇಳಲಾರರು. ಅವಳ ರಕ್ತದಲ್ಲಿ ದೋಷವಿತ್ತೆಂದರೆ ಮಗಳಿಗೂ ನಾಳೆ ಬರಬಹುದು, ಆಗ ಒಂದೇ ಕಿಡ್ನಿ ಇಟ್ಟುಕೊಂಡು ಅವಳೇನು ಮಾಡಬೇಕು? ಪುರಾವೆಯೇ ಇಲ್ಲದಿದ್ದರೆ ದಾನಿಯ ಸ್ವಂತ ಪರೀಕ್ಷೆಯೇ ಕೊನೆಯ ಮಾತು. ಆದರೆ ತಾಯಿ ರಕ್ತ ಕೊಟ್ಟಿದ್ದಳೆಂದು ದಾಕ್ಷಾಯಣಿ ಬಾಯಿಬಿಟ್ಟ ಮೇಲೆ ಚುಕ್ಕಿ ನೋಡದೆ ಮುಂದುವರಿಯುವುದಿಲ್ಲ ಎಂದಿತ್ತು ಸಮಿತಿ.

"ಅವ್ವನ ಫೋಟೋ ಏನರ ಐತೇನು?" ಎಂದು ಕೇಳಿದೆ. ನಮಗೆ ಫೋಟೋದಿಂದ ಏನೂ ಆಗಬೇಕಿರಲಿಲ್ಲ, ಸುಮ್ಮನೆ ಕೇಳಿದೆ.

"ಮದುವಿ ಫೋಟೋ ಒಂದಿತ್ರಿ. ಹೊಳಿ ಊರಾಗ ಹೊಕ್ಕ ವರ್ಷ ನೀರಾಗ ಹೋತು." ಆಮೇಲೆ ತಲೆ ತಗ್ಗಿಸಿ, "ನನಗ ಆಕಿ ಮಾರಿನ ನೆನಪಿಲ್ರಿ" ಎಂದಳು.

ಮುಲ್ಲಾ ಆ ಪ್ರಬಂಧವನ್ನು ಹುಡುಕಿ ತೆಗೆದ. ಕೈಯಿಂದ ಶಾಯಿಯಲ್ಲಿ ಬರೆದ ಗ್ರಾಫುಗಳು, ನೆರಳಚ್ಚಿನಿಂದ ಮಸುಕಾದ ಪುಟಗಳು. ಯಂತ್ರ ತನ್ನ ಪಾಡಿಗೆ ಓದಿತು. ದಾಕ್ಷಾಯಣಿ ಹೇಳಿದ ವಿವರಕ್ಕೆ ಹೊಂದುವವಳು ಒಬ್ಬಳೇ ಸಿಕ್ಕಳು: ಇಪ್ಪತ್ತನಾಲ್ಕು ವರ್ಷ, ಎರಡು ಮಕ್ಕಳು, ಎರಡನೆಯದು ಆಗಷ್ಟೇ ಹುಟ್ಟಿದ್ದು, ಬಣ್ಣದ ಹಂಡೆಯ ಮುಂದೆ ದುಡಿದದ್ದು ಆರು ವರ್ಷ. ಪರದೆಯ ಮೇಲೆ ಒಂದು ಚುಕ್ಕಿ ಕೆಂಪಾಗಿ ಹೊಳೆಯಿತು.

"ಇದ ಏನ್ರಿ ನಮ್ಮವ್ವ?" ಅವಳು ಎದ್ದು ಬಂದು ಬೆರಳ ತುದಿಯಿಂದ ಚುಕ್ಕಿಯನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು.

ನಾನು ಮಾತಾಡಲೇಬೇಕಾಗಿತ್ತು. ಗ್ರಾಫಿನ ನಡುವೆ ಒಂದು ತುಂಡುತುಂಡಾದ ಗೆರೆ ಇತ್ತು. ಕಿಡ್ನಿ ಸೋಸದೆ ಬಿಟ್ಟ ಕಸ ರಕ್ತದಲ್ಲಿ ಎಷ್ಟಿದ್ದರೆ ಸರಿ ಎಂದು ಹೇಳುವ ಗೆರೆ ಅದು. ಕಾಶವ್ವನ ಚುಕ್ಕಿ ಅದರ ಮೇಲೆ, ಸ್ಪಷ್ಟವಾಗಿ ಮೇಲೆ ಇತ್ತು. ಅದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಇಂಥ ಮಾತಿಗೆ ಮೆತ್ತನೆಯ ದಾರಿ ಯಾವುದೂ ಇಲ್ಲವೆಂದು ಗೊತ್ತಿದ್ದೂ ಹೇಳಿದೆ.

ಅವಳು ಅಳಲಿಲ್ಲ. "ಅಂದ್ರ ನನ್ನ ಕಿಡ್ನಿ ತಗೊಳ್ಳಂಗಿಲ್ಲ."

"ಸಮಿತಿ ಒಪ್ಪಂಗಿಲ್ಲ."

"ಈ ಚುಕ್ಕಿದು ಒಂದು ಕಾಗದ ಕೊಡ್ತೀರೇನ್ರಿ? ಮನ್ಯಾಗ ಇಟ್ಕೋತೀನಿ."

ಮುಲ್ಲಾ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಕೊಟ್ಟ. ಅದನ್ನು ಮಡಚದೆ, ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದುಕೊಂಡು ಹೋದಳು. ಆ ದಿನ ನನಗೆ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಐದಾರು ದಿನದ ಮೇಲೆ ಮುಲ್ಲಾ ಮುಖ ಗಂಟಿಕ್ಕಿಕೊಂಡು ಬಂದ. "ಮೇಡಂ, ಆ ರಬಕವಿ ಪ್ರಬಂಧ ಗಡಬಡ ಐತ್ರಿ. ಯಂತ್ರ ನಕಲು ಅನ್ನಾಕತ್ತೈತಿ."

ನೋಡಿದರೆ ಹೌದು. ಕಾಶವ್ವನ ಚುಕ್ಕಿಯ ಎತ್ತರದಲ್ಲೇ ಇನ್ನೊಂದು ಚುಕ್ಕಿ ಇತ್ತು. ಆ ಇನ್ನೊಬ್ಬಳಿಗೆ ವಯಸ್ಸು ಮೂವತ್ತೆರಡು, ಆದ್ದರಿಂದ ಅಡ್ಡಗೆರೆಯ ಮೇಲೆ ಇಬ್ಬರೂ ದೂರ ದೂರ. ಆದರೆ ಕಸದ ಗ್ರಾಫಿನಲ್ಲಿ ಇಬ್ಬರ ಎತ್ತರವೂ ಒಂದೇ, ಹಿಮೋಗ್ಲೋಬಿನ್ ಗ್ರಾಫಿನಲ್ಲೂ ಒಂದೇ, ಅದೂ ತುಂಬಿದ ಮಟ್ಟದಲ್ಲಿ. ಒಂದು ಗೆರೆಯ ದಪ್ಪದಷ್ಟೂ ವ್ಯತ್ಯಾಸವಿಲ್ಲ. ಇಬ್ಬರು ಹೆಂಗಸರ ರಕ್ತ ಒಂದು ಅಂಶದಲ್ಲಿ ಹೊಂದಬಹುದು, ಎಲ್ಲದರಲ್ಲೂ ಹೀಗೆ ಹೊಂದುವುದಿಲ್ಲ.

"ಸಂಶೋಧಕರು ಸಂಖ್ಯಾ ತುಂಬಸಾಕ ಒಬ್ಬಾಕಿ ಅಂಕಿನ ಇನ್ನೊಬ್ಬಾಕಿಗಿ ಬರ್ದಾರ" ಎಂದ ಮುಲ್ಲಾ. "ಮತ್ತ ಇಲ್ಲಿ ನೋಡ್ರಿ, ಮೈ ಎತ್ತರಕ್ಕೂ ರಗತಕ್ಕೂ ಇರೋ ಗ್ರಾಫು. ಇದರಾಗ ಒಂದು ಚುಕ್ಕಿನ ಕಮ್ಮಿ ಐತಿ. ಅಚ್ಚು ಮಸಕಾಗಿರಬೇಕು ಅಂತ ಬಿಟ್ಟಿದ್ದೆ."

ನನಗೆ ಒಪ್ಪಿಗೆಯಾಗಲಿಲ್ಲ. ಸುಳ್ಳು ಬರೆಯುವವನು ದಡ್ಡನಲ್ಲದಿದ್ದರೆ ಒಂದು ಚೂರಾದರೂ ಆಚೀಚೆ ಮಾಡಿ ಬರೆಯುತ್ತಾನೆ. ನಕಲೆಂದು ಮುದ್ರೆ ಒತ್ತಿದರೆ ಸತ್ತುಹೋದ ಒಬ್ಬ ಸಂಶೋಧಕರ ಹೆಸರು ಮಣ್ಣುಪಾಲು. ಸುಮ್ಮನಿದ್ದರೆ ದಾಕ್ಷಾಯಣಿಯ ತಮ್ಮನಿಗೆ ದಾರಿ ಇಲ್ಲ. "ಎರಡು ದಿನ ತಡೀರಿ" ಎಂದು ಹೇಳಿ ಮನೆಗೆ ಹೊರಟೆ.

ಮನೆಯಲ್ಲಿ ಬೇರೆಯೇ ಯುದ್ಧ ನಡೆದಿತ್ತು. ನನ್ನ ಮಗಳು ಚೇತನಾ ಹೆರಿಗೆಯಾಗಿ ಬಂದಿದ್ದಳು. ಬಾಣಂತಿಯ ರಕ್ತ ಪರೀಕ್ಷೆಗೆಂದು ನಾನೇ ಕರೆಸಿದ್ದ ನರ್ಸು ಪಡಸಾಲೆಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು. ಕೋಣೆಯ ಬಾಗಿಲಿಗೆ ನನ್ನ ಅತ್ತೆ ಅಡ್ಡ ಕೂತಿದ್ದರು. ಒಳಗಿನಿಂದ ಲೋಬಾನದ ಹೊಗೆ, ಬೆಳ್ಳುಳ್ಳಿಯ ವಾಸನೆ.

"ಬಾಣಂತಿ ರಗತ ತಗೀತಾರೇನು? ಇದ್ದದ್ದೆಲ್ಲಾ ಹೋಗಿ ಕೂತಾಳ ಹುಡುಗಿ" ಎಂದರು ಅತ್ತೆ.

"ಅತ್ತಿ, ಎರಡ ಹನಿರಿ."

"ಎರಡ ಹನಿ ನಿನ್ನದ ಕೊಡು. ತಾಯಿ ಅಲ್ಲೇನು ನೀ?"

ಕೋಣೆಯೊಳಗಿಂದ ಚೇತನಾ, "ಅವ್ವಾ, ನನ್ನ ಬಿಡಿಸ್ಕೊಂಡ ಹೋಗವಾ!" ಎಂದು ಕೂಗಿದಳು. ಡಾಕ್ಟರೇಟ್ ಪಡೆದ ನಾನು, ಊರೂರ ರಕ್ತವನ್ನು ಕಾಗದದಿಂದ ಬಿಡಿಸಿದ ನಾನು, ನನ್ನ ಮನೆಯ ಹೊಸ್ತಿಲಿಂದ ಎರಡು ಹನಿ ಆಚೆ ತರಲಾಗದೆ ನರ್ಸಿಗೆ ಚಹಾ ಕೊಟ್ಟು ಕಳಿಸಿದೆ. ಅವಳನ್ನು ಗೇಟಿನ ತನಕ ಬಿಟ್ಟು ತಿರುಗಿದಾಗ ಅತ್ತೆಯ ಮಾತು ಮತ್ತೊಮ್ಮೆ ಕಿವಿಗೆ ಬಿತ್ತು. ಎರಡ ಹನಿ ನಿನ್ನದ ಕೊಡು.

ಕಾಶವ್ವ ಆಗಷ್ಟೇ ಹೆತ್ತವಳು. ಇಂದಿನ ಧಾರವಾಡದಲ್ಲಿ, ನನ್ನಂಥವಳ ಮನೆಯಲ್ಲಿ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಅಂದಿನ ರಬಕವಿಯ ಬಣ್ಣಗಾರರ ಓಣಿಯಲ್ಲಿ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದು, ಸಾಲಿನಲ್ಲಿ ನಿಂತು, ರಕ್ತ ಕೊಟ್ಟಳೇ? ಅದೂ ಆಗಷ್ಟೇ ಹೆತ್ತವಳಿಗೆ ಅಷ್ಟು ತುಂಬಿದ ಹಿಮೋಗ್ಲೋಬಿನ್?

ಮರುದಿನ ರಬಕವಿ ಬಸ್ಸು ಹತ್ತಿದೆ. ಫೋನಿನಲ್ಲಿ ಕೇಳುವ ಮಾತು ಇದಾಗಿರಲಿಲ್ಲ.

ಓಣಿಯ ತುಂಬ ಮಗ್ಗದ ಸದ್ದು. ದಾಕ್ಷಾಯಣಿ ನನ್ನನ್ನು ಕಂಡು ಗಾಬರಿಯಾಗಿ ಮಗ್ಗ ನಿಲ್ಲಿಸಿದಳು. ಮಹಾಂತೇಶ ಒಳಗೆ ಮಲಗಿದ್ದ, ಮುಖ ಬಾತಿತ್ತು, ಎದ್ದು ಕೂತು ನಮಸ್ಕಾರ ಮಾಡಿದ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ನಮ್ಮ ಕೇಂದ್ರದ ಆ ಕಾಗದ ಚೌಕಟ್ಟಿನೊಳಗೆ ಕೂತಿತ್ತು. ಗಾಜಿನ ಮೇಲೆ, ಚುಕ್ಕಿ ಇರುವಲ್ಲಿಗೆ ಸರಿಯಾಗಿ, ಕುಂಕುಮ ಇಟ್ಟಿದ್ದರು.

ಅಷ್ಟರಲ್ಲಿ ಅಡುಗೆಮನೆಯಿಂದ ಒಬ್ಬ ಮುದುಕಿ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಹೊರಗೆ ಬಂದರು. ಆ ವಯಸ್ಸಿನಲ್ಲೂ ನನಗಿಂತ ಒಂದು ಗೇಣು ಎತ್ತರ. ಪಾದಗಳು ಬಾತಿದ್ದವು.

"ನಮ್ಮ ದೊಡ್ಡವ್ವರಿ, ನೀಲವ್ವ. ಅವ್ವನ ನೆಗೆಣ್ಣಿ, ನಮ್ಮ ದೊಡ್ಡಪ್ಪನ ಹೇಣ್ತಿ. ನಮ್ಮನ್ನ ಜ್ವಾಕಿ ಮಾಡಿದಾಕಿ ಈಕಿನ" ಎಂದಳು ದಾಕ್ಷಾಯಣಿ.

ನಾನು ಸುತ್ತುಬಳಸಲಿಲ್ಲ. "ದೊಡ್ಡವ್ವಾರ, ಆ ದಿವಸ ಡಾಕ್ಟರ್ ಮಂದಿ ಬಂದಾಗ ಕಾಶವ್ವಾರು ಸ್ವತಾ ಹೋಗಿ ರಗತ ಕೊಟ್ರೇನು?"

ಮುದುಕಿ ಸೆರಗು ಸರಿಮಾಡಿಕೊಂಡರು. "ಭಾಳ ಹಳೀ ಮಾತು. ನನಗೇನ ನೆನಪೈತಿ ತಾಯಿ. ಚಹಾ ಮಾಡ್ತೀನಿ ತಡೀರಿ."

"ಚಹಾ ಬ್ಯಾಡ್ರಿ. ಆ ಚುಕ್ಕಿ ಕಾಶವ್ವಾರದ ಆಗಿದ್ರ ದಾಕ್ಷಾಯಣಿ ಕಿಡ್ನಿ ಮಹಾಂತೇಶಗ ಕೊಡಾಕ ಬರಂಗಿಲ್ಲ."

ಅಡುಗೆಮನೆಗೆ ಹೊರಟಿದ್ದ ನೀಲವ್ವ ಅಲ್ಲೇ ತಿರುಗಿ ನಿಂತರು. ಆಗ ನನಗೆ ಅರ್ಥವಾಯಿತು: ದಾಕ್ಷಾಯಣಿ ಇದನ್ನು ಮನೆಯಲ್ಲಿ ಹೇಳಿರಲೇ ಇಲ್ಲ. ಅವ್ವ ಸಿಕ್ಕಳು ಎಂದಷ್ಟೇ ಹೇಳಿ, ಸಮಿತಿಯ ಉತ್ತರ ಬರಬೇಕು ಎಂದು ದಿನ ತಳ್ಳುತ್ತಿದ್ದಳು. ಮಹಾಂತೇಶ ಅಕ್ಕನ ಮುಖ ನೋಡಿದ. ಅವಳು ಮಗ್ಗದ ಕಡೆ ತಿರುಗಿದಳು.

"ಏ ಹುಡುಗಿ!" ನೀಲವ್ವನ ದನಿ ಒಡೆಯಿತು. "ಇದನ್ಯಾಕ ಹೇಳಲಿಲ್ಲ ನೀ ನನಗ?"

"ಹೇಳಿ ಏನ್ ಮಾಡ್ಲಿ ದೊಡ್ಡವ್ವ? ಎಲ್ಲಾರೂ ಕೂಡಿ ಅಳೂದೇನು?"

ಮುದುಕಿ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. "ಅದು ಕಾಶೀದಲ್ರಿ. ನಂದು. ಎರಡೂ ನನ್ನವ."

ಆಮೇಲೆ ತಡೆಯಿಲ್ಲದೆ ಹೇಳಿದರು. ಶಾಲೆಯ ಕಟ್ಟೆಯ ಮೇಲೆ ಡಾಕ್ಟರರು ಕೂತಿದ್ದರು. ಓಣಿಯ ಹೆಂಗಸರೆಲ್ಲ ಹೊಳೆಯುವ ಕೊಡ ಹೊತ್ತುಕೊಂಡು ಬರುವುದನ್ನು ಕಾಶವ್ವ ಬಾಣಂತಿ ಕೋಣೆಯ ಕಿಂಡಿಯಿಂದ ನೋಡಿದ್ದಳು. "ಅಕ್ಕಾ, ನನಗೂ ಒಂದು ಸಿಕ್ಕಿದ್ರ ಎಷ್ಟ ಚಲೋ ಇತ್ತು ಅಂದ್ಲು. ತವರಿಂದ ಒಂದು ಭಾಂಡೆ ಸೈತ ತಂದಾಕಲ್ಲ ಪಾಪ. ನಾ ಒಮ್ಮೆ ನನ್ನ ಹೆಸರಿಲೆ ಕೊಟ್ಟು ಬಂದೆ. ಮಧ್ಯಾಹ್ನ ಬರಕೊಳ್ಳೋರು ಬದಲಾದ್ರು. ಆಕಿ ಸೀರಿ ಉಟ್ಟು, ಹಣಿ ತನಕ ಸೆರಗ ಎಳಕೊಂಡು, ಆಕಿ ಹೆಸರು, ಆಕಿ ವಯಸ್ಸು ಹೇಳಿ ಮತ್ತೊಮ್ಮೆ ಕೈ ಚಾಚಿದೆ. ಸೂಜಿ ಚುಚ್ಚಿದಾಗ ಬ್ಯಾನಿ ಆಗಲಿಲ್ಲರಿ, ನಗಿ ಬರಾಕತ್ತಿತ್ತು. ಎರಡು ಕೊಡ ತಂದೆ."

"ಮೊದಲ ಯಾಕ ಹೇಳ್ಲಿಲ್ಲ?" ದಾಕ್ಷಾಯಣಿ ಕೇಳಿದಳು. ಸಿಟ್ಟಿನಿಂದಲ್ಲ.

"ಈ ಕಾಗದ ತಂದ ದಿವಸ ನಿನ್ನ ಮಾರಿ ನೀ ನೋಡ್ಕೊಂಡಿಲ್ಲ. ಕುಂಕುಮ ಹಚ್ಚಿ, ಅವ್ವಾ ಅಂತ ಮಾತಾಡ್ಸಿದಿ. ನಾ ಹೆಂಗ ಹೇಳ್ಲಿ, ಅದು ನಿಮ್ಮವ್ವ ಅಲ್ಲ ಅಂತ?"

ನಾನು ಅಂಗಳಕ್ಕೆ ಬಂದು ಮುಲ್ಲಾನಿಗೆ ಫೋನು ಮಾಡಿದೆ. "ಮೈ ಎತ್ತರದ ಗ್ರಾಫಿನ್ಯಾಗ ಕಮ್ಮಿ ಬಂದ ಚುಕ್ಕಿ ಐತೆಲ್ಲಾ, ಅದು ಕಳದಿಲ್ಲ. ಇನ್ನೊಂದರ ಮ್ಯಾಲ ಕೂತೈತಿ. ಎತ್ತರದ ತುದಿಗಿ ನೋಡ್ರಿ." ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಕೇಳಿಸಿತು. "ಹೌದ್ರಿ ಮೇಡಂ. ಒಂದ ಜಾಗಾದಾಗ ಶಾಯಿ ಎರಡು ಸಲ ಬಿದ್ದೈತಿ. ಐದು ಅಡಿ ಒಂಬತ್ತು ಇಂಚು. ಇಡೀ ಓಣಿಯಾಗ ಅಷ್ಟು ಎತ್ತರದಾಕಿ ಮತ್ತ್ಯಾರೂ ಇಲ್ಲ."

ಒಳಗೆ ಬಂದು ಇದನ್ನು ಹೇಳಿದಾಗ ನೀಲವ್ವ ಎದೆಯ ಹತ್ತಿರ ಕೈ ಹಿಡಿದು ತೋರಿಸಿದರು. "ಕಾಶಿ ನನಗ ಇಷ್ಟ ಬರ್ತಿದ್ಲು. ಬಣ್ಣದ ಹಂಡೆ ಎಟಕಲಾರದ ಕಾಲಬುಡಕ ಕಲ್ಲ ಹಾಕ್ಕೊಂಡು ನಿಲ್ತಿದ್ಲು."

ಸಮಿತಿಗೆ ಎರಡು ಹೇಳಿಕೆ ಬೇಕಾಗಿತ್ತು. ಎರಡು ಸಲ ರಕ್ತ ಕೊಟ್ಟವಳು ತಾನೆಂದು ನೀಲವ್ವನದು. ಈ ಚುಕ್ಕಿ ನನ್ನ ತಾಯಿಯದಲ್ಲ, ಈ ಗ್ರಾಫಿನಲ್ಲಿ ನನ್ನ ತಾಯಿ ಇಲ್ಲ ಎಂದು ಮಗಳದು. ದಾಕ್ಷಾಯಣಿ ಪೆನ್ನು ಹಿಡಿದಾಗ ನಾನು ತಡೆದೆ.

"ಒಂದು ಮಾತು ತಿಳ್ಕೋರಿ. ಚುಕ್ಕಿ ಇಲ್ಲ ಅಂದ್ರ ದೋಷ ಇಲ್ಲ ಅಂತಲ್ಲ. ಗೊತ್ತಿಲ್ಲ ಅಂತ ಅಷ್ಟ. ನಾಳೆ ನಿಮಗ ಏನರ ಆದ್ರ..."

"ಗೊತ್ತಿಲ್ಲದ್ದನ್ನ ನಾ ಹೊರ್ತೀನ್ರಿ" ಎಂದಳು. "ಗೊತ್ತಿದ್ದದ್ದು ಇಲ್ಲಿ ಮಲಗೈತಿ."

"ಅಕ್ಕಾ, ಬ್ಯಾಡ" ಎಂದ ಮಹಾಂತೇಶ.

"ನೀ ಸುಮ್ಮ ಮಲಕೊ. ಸಣ್ಣಾಂವದಿ."

ಸಹಿ ಮಾಡಿದಳು. ನಿಧಾನಕ್ಕೆ, ಒಂದೊಂದೇ ಅಕ್ಷರ. ಆಮೇಲೆ ಜಗಲಿಯಿಂದ ಚೌಕಟ್ಟನ್ನು ಇಳಿಸಿ, ಗಾಜಿನ ಮೇಲಿನ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿದಳು. ಆಗ ಅತ್ತಳು. ಇಲ್ಲದ ತಾಯಿ ಒಂದು ವಾರ ಮನೆಯಲ್ಲಿದ್ದು ಹೋದದ್ದಕ್ಕೆ ಅತ್ತಳು. ನನಗೂ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ. ಅತ್ತು ಮುಗಿದ ಮೇಲೆ ಅವಳು ಚೌಕಟ್ಟನ್ನು ನೀಲವ್ವನ ತೊಡೆಯ ಮೇಲಿಟ್ಟು, "ತಗೊ, ನಿಂದ ಇದು" ಎಂದಳು. ಮುದುಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟ ಸಣ್ಣಾಕಿ ಇದ್ದೆನೇನ ನಾ?" ಎಂದರು. ಮಹಾಂತೇಶನಿಗೆ ನಗು ಬಂತು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಬಂದ ನಗುವಿರಬೇಕು.

ಹೊರಡುವಾಗ ನೀರು ಕೇಳಿದೆ. ದಾಕ್ಷಾಯಣಿ ಮೂಲೆಯ ಕೊಡದಿಂದ ಬಗ್ಗಿಸಿ ಕೊಟ್ಟಳು. ಅಂಚು ಸವೆದ, ಹೊಟ್ಟೆ ನೆಗ್ಗಿದ ಸ್ಟೀಲಿನ ಕೊಡ. ಕುತ್ತಿಗೆಯ ಕೆಳಗೆ, ಭಾಂಡೆ ಅಂಗಡಿಯವನು ಮೊಳೆಯಿಂದ ಕುಟ್ಟಿ ಹಾಕಿದ ಹೆಸರಿತ್ತು. ಚುಕ್ಕಿ ಚುಕ್ಕಿಯಾಗಿ: ಕಾಶವ್ವ.

"ಬಾಣಂತನ ಮುಗಿದ ದಿವಸ ಆಕಿನ ಪ್ಯಾಟಿಗೆ ಹೋಗಿ ಹಾಕಿಸ್ಕೊಂಡ ಬಂದಿದ್ಲು" ಎಂದರು ನೀಲವ್ವ. "ಅಂವ ಕುಟ್ಟೂ ತನಕ ಕೊಡ ಗಟ್ಟಿ ಹಿಡ್ಕೊಂಡು ಮುಂದ ಕೂತಿದ್ಲು. ಸಣ್ಣ ಕೈ ನಡಗತಿದ್ವು, ಅದಕ್ಕ ವ ಅಕ್ಷರ ವಾರಿ ಆಗೈತಿ."

ದಾಕ್ಷಾಯಣಿ ಆ ಕೊಡವನ್ನು ದಿನವೂ ತುಂಬಿದವಳು, ದಿನವೂ ತಿಕ್ಕಿದವಳು. ಈಗ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ಬಂದು, ಓರೆಯಾದ ಆ ಅಕ್ಷರದ ಮೇಲೆ ಬೆರಳಿಟ್ಟಳು.

ಶಸ್ತ್ರಚಿಕಿತ್ಸೆ ಆ ತಿಂಗಳೇ ಆಯಿತು. ಅಕ್ಕ ತಮ್ಮ ಇಬ್ಬರೂ ಚೇತರಿಸಿಕೊಂಡರು, ನೀಲವ್ವನ ಕಿಡ್ನಿಗೂ ಅದೇ ಆಸ್ಪತ್ರೆಯಲ್ಲಿ ಔಷಧ ಶುರುವಾಯಿತು. ಸಂಶೋಧಕರ ಹೆಸರಿಗೆ ಮಸಿ ಹತ್ತಲಿಲ್ಲ. ಪ್ರಬಂಧದ ಅಂಕಿಗಳಲ್ಲಿ ಒಬ್ಬಳನ್ನು ಕಳೆದು, ಕಾರಣ ಬರೆದೆವು. ನನ್ನ ಅತ್ತೆಗೆ ಈ ಕಥೆಯನ್ನೆಲ್ಲ ಹೇಳಿದೆ. ಅವರು ಗೆದ್ದವರಂತೆ ಕೂತು ಕೇಳಿದರು, ಕೇಳಿ ಮುಗಿಸಿ ತಾವಾಗಿಯೇ ನರ್ಸನ್ನು ಒಳಗೆ ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ತಿಂಗಳುಗಳ ಮೇಲೆ ದಾಕ್ಷಾಯಣಿ ತಮ್ಮನೊಂದಿಗೆ ಕೇಂದ್ರಕ್ಕೆ ಬಂದಳು. ನಮಗೆಲ್ಲ ತೋರಿಸಲೆಂದು ಕೊಡವನ್ನೂ ತಂದಿದ್ದಳು. ಮುಲ್ಲಾ ಉಮೇದಿನಿಂದ ಆ ಹೆಸರಿನ ಚಿತ್ರ ತೆಗೆದು ಯಂತ್ರಕ್ಕೆ ಕೊಟ್ಟ. ಯಂತ್ರ ಬಹಳ ಹೊತ್ತು ಹುಡುಕಿತು. ಚುಕ್ಕಿಗಳನ್ನೆಲ್ಲ ಎಣಿಸಿತು. ಕೊನೆಗೆ ಪರದೆಯ ಮೇಲೆ ಒಂದೇ ಸಾಲು ಬಂತು: ಅಳತೆಯ ಗೆರೆಗಳಿಲ್ಲ, ಓದಲಾಗುವುದಿಲ್ಲ.

ಮುಲ್ಲಾ ಪೆಚ್ಚಾದ. ದಾಕ್ಷಾಯಣಿ ನಗುತ್ತಾ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಇರ್ಲಿ ಬಿಡ್ರಿ" ಎಂದಳು. "ನಾ ಓದ್ತೀನಿ."